ಡಿಸೆಂಬರ್ 7ರ ಪುಟ್ಟ ಬಾವುಟ: ಭಿಕ್ಷೆ ಅಲ್ಲ, ಪಾಲು

ಇವತ್ತು ಗೊಬ್ಬರ, ರೋಗದ ವಿಷಯ ಪಕ್ಕಕ್ಕಿಡೋಣ. ರಾಗಿ ಕೊಯ್ದು ಮೆದೆ ಹಾಕೋ ಹೊತ್ತಿಗೆ ಮಕ್ಕಳು ಶಾಲೆಯಿಂದ ಒಂದು ಪುಟ್ಟ ಬಾವುಟ ತಂದು ದುಡ್ಡು ಕೇಳ್ತಾರಲ್ಲ, ಅದರ ಇತಿಹಾಸ ಬರೀತೀನಿ. ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ರಜೆ ಇಲ್ಲ, ಸಿಹಿ ಹಂಚೋದಿಲ್ಲ. ಹಾಗಾಗಿ ಬಹಳ ಜನಕ್ಕೆ ಇದು ಯಾತಕ್ಕೆ ಅಂತ ಗೊತ್ತಿಲ್ಲ.

ಮೊದಲನೇ ಮಹಾಯುದ್ಧ ನಿಂತಿದ್ದು 1918ರ ನವೆಂಬರ್ 11ಕ್ಕೆ. ಆ ಯುದ್ಧಕ್ಕೆ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಹೋಗಿತ್ತು. ಆ ವರ್ಷ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದವರಲ್ಲಿ ಜೋಧಪುರದವರ ಜೊತೆ ಇವರೂ ಇದ್ದರು. ಮುಂದೆ ಬ್ರಿಟಿಷರ ಕಾಲದಲ್ಲಿ ನವೆಂಬರ್ 11ಕ್ಕೆ ಗಸಗಸೆ ಜಾತಿಯ ಕೆಂಪು ಹೂವನ್ನ ಕಾಗದದಲ್ಲಿ ಮಾಡಿ ಮಾರಿ, ಮಾಜಿ ಸೈನಿಕರಿಗೆ ಅಂತ ಹಣ ಎತ್ತೋರು.

ಸ್ವಾತಂತ್ರ್ಯ ಬಂದ ಕೂಡಲೇ ಕಾಶ್ಮೀರದಲ್ಲಿ ಯುದ್ಧ ಆಯ್ತು. 1949ರ ಜನವರಿ 1ಕ್ಕೆ ಕದನ ವಿರಾಮ. ಜನವರಿ 15ಕ್ಕೆ ನಮ್ಮ ಕೊಡಗಿನ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ಬುಚರ್ ಕೈಯಿಂದ ಸೇನೆಯ ಅಧಿಕಾರ ತಗೊಂಡರು. ಅದೇ ಈಗಿನ ಸೇನಾ ದಿನ. ಆ ವರ್ಷವೇ ಆಗಸ್ಟ್ 28ರಂದು ರಕ್ಷಣಾ ಮಂತ್ರಿಗಳ ಸಮಿತಿ, ಪ್ರತಿ ಡಿಸೆಂಬರ್ 7ಕ್ಕೆ ಬಾವುಟ ಹಂಚಿ ಹಣ ಕೂಡಿಸಬೇಕು ಅಂತ ತೀರ್ಮಾನ ಮಾಡ್ತು. ಬಾವುಟದ ಕೆಂಪು ಭೂಸೇನೆ, ಕಡುನೀಲಿ ನೌಕಾಪಡೆ, ತಿಳಿನೀಲಿ ವಾಯುಪಡೆ.

ಸರ್ಕಾರ ಪಿಂಚಣಿ ಕೊಡಲ್ವಾ, ನಮ್ಮ ದುಡ್ಡು ಯಾಕೆ ಅಂತ ಕೆಲವರು ಕೇಳ್ತಾರೆ. ಸೈನ್ಯ ಯಾವಾಗಲೂ ಹರೆಯದಲ್ಲೇ ಇರಬೇಕು. ಅದಕ್ಕೇ ಎಷ್ಟೋ ಸಿಪಾಯಿಗಳು ನಲವತ್ತರ ಆಸುಪಾಸಿಗೇ ಮನೆಗೆ ಬರ್ತಾರೆ. ಆಗ ಮಕ್ಕಳ ಓದು ಅರ್ಧಕ್ಕಿರ್ತದೆ. ಕೆಲವರು ಕಾಲು ಕಳ್ಕೊಂಡು ಬರ್ತಾರೆ, ಕೆಲವರು ಬರೋದೇ ಇಲ್ಲ. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದ ಕೆಳಗಿಂದ ಜೀವಂತ ಸಿಕ್ಕಿ, 2016ರ ಫೆಬ್ರವರಿ 11ಕ್ಕೆ ತೀರಿಕೊಂಡಾಗ ನಾವೆಲ್ಲ ಅತ್ತಿದ್ವಿ. ನಮ್ಮ ಕಣ್ಣೀರು ಒಣಗಿದ ಮೇಲೂ ಸೈನಿಕರ ಮನೆಗಳು ನಡೀಬೇಕಲ್ಲ. ಧ್ವಜ ದಿನದ ನಿಧಿ ಇರೋದು ಈ ಮನೆಗಳ ಮಕ್ಕಳ ಓದಿಗೆ, ಮದುವೆಗೆ, ಔಷಧಿಗೆ.

ನಮ್ಮ ಹಿರಿಯರು ಕಣದಲ್ಲಿ ರಾಶಿ ಅಳೆದು ಮನೆಗೆ ಸಾಗಿಸೋ ಮುಂಚೆ ಆಯಗಾರರ ಪಾಲು ತೆಗೆದಿಡೋರು. ನೀರಗಂಟಿಗೆ ಕೊಟ್ಟ ಮೊರದಷ್ಟು ಕಾಳನ್ನ ಯಾರೂ ಭಿಕ್ಷೆ ಅಂದಿಲ್ಲ. ಅವನು ರಾತ್ರಿ ತೂಬು ಕಾದಿದ್ದಕ್ಕೇ ಗದ್ದೆ ಹಸಿರಾಗಿದ್ದು. ಗಡಿ ಕಾದವನ ಲೆಕ್ಕವೂ ಅದೇ.

ಈ ಸಲ ಮಗು ಬಾವುಟ ತಂದರೆ ಗದರಬೇಡಿ. ಕೈಲಾದಷ್ಟು ಹಾಕಿ, ಬಾವುಟ ಎದೆಗೆ ಚುಚ್ಚಿಕೊಳ್ಳಿ, ನೆಲಕ್ಕೆ ಬಿಸಾಡಬೇಡಿ. ಮೂರು ಬಣ್ಣದ ಅರ್ಥ ಮಗುವಿಗೆ ಹೇಳಿ. ಊರಲ್ಲಿ ಮಾಜಿ ಸೈನಿಕರೋ, ಸೈನಿಕರ ವಿಧವೆಯೋ ಇದ್ದರೆ ಒಂದು ಗಳಿಗೆ ಹೋಗಿ ಮಾತಾಡಿಸಿ. ಸ್ಟೇಟಸ್ ಹಾಕೋದು ಆಮೇಲೆ.