ಪುಣೆಯ ಮೀನು, ಕಾವೇರಿಯ ಲೆಕ್ಕ

ನಾವು ಪುಣೆಗೆ ಬಂದದ್ದು ಹೊಟ್ಟೆಪಾಡಿಗೆ. ಇಲ್ಲಿಂದ ನಮ್ಮ ಕಾವೇರಿಗೆ ವಲಸೆ ಹೋದದ್ದೂ ಒಂದಿದೆ: ಖುದ್ರೀ ಮಹಶೀರ್ ಮೀನು. 1839ರಲ್ಲಿ ಕರ್ನಲ್ ಸೈಕ್ಸ್ ಅದನ್ನು ಇದೇ ಮುಳಾ-ಮುಠಾ ನದಿಯಿಂದ ಗುರುತಿಸಿದ.

ಗಾಳದವರಿಗೆ ತೂಕವೇ ಪ್ರತಿಷ್ಠೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡು! ತಕ್ಕಡಿ ಇಲ್ಲದಿದ್ದರೆ ಹಳೆಯ ಸೂತ್ರವಿದೆ: ಇಂಚಿನಲ್ಲಿ ಸುತ್ತಳತೆಯ ವರ್ಗವನ್ನು ಉದ್ದದಿಂದ ಗುಣಿಸಿ 800ರಿಂದ ಭಾಗಿಸಬೇಕು. ಉದ್ದ 48, ಸುತ್ತಳತೆ 28 ಇದ್ದರೆ 47 ಪೌಂಡು. ಮೊಟ್ಟೆಯಿಟ್ಟು ಹೊಟ್ಟೆ ಇಳಿದು ಸುತ್ತಳತೆ 26 ಆಯ್ತೋ, ಅದೇ ಮೀನು ನಲವತ್ತು ಚಿಲ್ಲರೆ. ಮಾರ್ಚ್ 31ರ ಠೇವಣಿ ನೋಡಿ ಇಡೀ ವರ್ಷದ ವ್ಯವಹಾರ ಅಳೆಯಬಾರದು ಅಂತ ಬ್ಯಾಂಕಿನವರಿಗೆ ಹೇಳಿಕೊಡಬೇಕೇ?

ಲೋನಾವಳದ ಟಾಟಾ ಕೇಂದ್ರದಲ್ಲಿ ಬೆಳೆಸಿದ ಖುದ್ರೀ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ಅಲ್ಲಿನದೇ ಆದ ಡುಬ್ಬದ ಮಹಶೀರ್ ಕಡಿಮೆಯಾಯ್ತು. ಹಿಡಿದು ಬಿಡುತ್ತಿದ್ದ ಗಾಳದವರ 1998ರಿಂದ 2012ರ ದಾಖಲೆಯಲ್ಲಿ ವಿಚಿತ್ರವೊಂದಿದೆ: ಡುಬ್ಬದ ಮೀನು ಸಿಗುವುದು ಇಳಿಯುತ್ತಾ ಹೋಯ್ತು, ಸಿಕ್ಕವುಗಳ ಗಾತ್ರ ಮಾತ್ರ ಏರಿತು. ಅಂದರೆ ಹಳೇ ಖಾತೆಗಳಷ್ಟೇ ಉಳಿದಿದ್ದವು, ಹೊಸ ಖಾತೆ ತೆರೆದಿರಲಿಲ್ಲ. 2018ರಲ್ಲಿ ಅದು ತೀವ್ರ ಅಪಾಯದ ಪಟ್ಟಿ ಸೇರಿತು.

ದೊಡ್ಡ ಮೀನು ಸಿಕ್ಕಿತೆಂದು ಹಿಗ್ಗುವ ಮೊದಲು ಮರಿಗಳೆಲ್ಲಿ ಅಂತ ಕೇಳಬೇಕು.