ಆಂಗ್ಲರ ನಿಲುವು ಗಡಿಯಾರ

ಆಳೆತ್ತರದ ಆಂಗ್ಲ ಗಡಿಯಾರದ ನೀಳವಾದ ಆಕೃತಿಯು ಕೇವಲ ಅಲಂಕಾರಕ್ಕಾಗಿ ಹುಟ್ಟಿದುದಲ್ಲ. 1656ರಲ್ಲಿ ಹಾಲೆಂಡಿನ ಹೈಗೆನ್ಸನು ಗಡಿಯಾರಕ್ಕೆ ಲೋಲಕವನ್ನು ಅಳವಡಿಸಿದನು. 1658ರಲ್ಲಿ ಫ್ರೊಮಾಂಟೀಲನು ಅಂತಹ ಗಡಿಯಾರಗಳನ್ನು ಲಂಡನ್ನಿನಲ್ಲಿ ಪ್ರಚುರಪಡಿಸಿದನು. ಆಗಿನ ಲೋಲಕವು ಗಿಡ್ಡವಾದುದು, ಅಗಲವಾಗಿ ತೂಗತಕ್ಕುದು. ಕೆಳಗಣ ಪೆಟ್ಟಿಗೆಯಾದರೋ ಇಳಿಬಿದ್ದ ತೂಕದ ಗುಂಡುಗಳಿಗೆ ಮರೆಯಾಗಿದ್ದಿತು. 1670ರ ಸುಮಾರಿಗೆ ಲಂಗರಿನಾಕಾರದ ತಡೆಯೊಂದು ಬಳಕೆಗೆ ಬಂದು, ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡತೊಡಗಿತು. ಇದರಿಂದ ತೂಗಾಟವು ಕಿರಿದಾಯಿತು. ಸೆಕೆಂಡಿಗೊಮ್ಮೆ ಬಡಿಯುವ ಸುಮಾರು 39 ಅಂಗುಲದ ಲೋಲಕವೂ ಇಕ್ಕಟ್ಟಾದ ಆ ಪೆಟ್ಟಿಗೆಯೊಳಗೇ ಆಡಲು ಅನುಕೂಲವಾಯಿತು.

ಈ ಲಂಗರಿನ ಕರ್ತೃ ಯಾರು? ಹುಕ್, ಕ್ಲೆಮೆಂಟ್, ನಿಬ್ ಎಂಬ ಮೂವರ ಹೆಸರುಗಳೂ ಕೇಳಿಬರುತ್ತವೆ. ವಿವಾದವು ಇಂದಿಗೂ ತೀರಿಲ್ಲ. ಕರ್ತೃತ್ವದ ಈ ಅನಿಶ್ಚಯವು ಒಂದು ಲಂಗರಿಗೆ ಮಾತ್ರ ಸಂಬಂಧಿಸಿದುದಲ್ಲ. ಮುಖಫಲಕದ ಮೇಲೆ ಕಾಣುವುದು ಒಬ್ಬನ ಹೆಸರು. ಒಳಗಿನ ಕೆಲಸವು ಹಲವರದು. ಹಿತ್ತಾಳೆಯನ್ನು ಎರಕ ಹೊಯ್ದವನೊಬ್ಬ, ಫಲಕದಲ್ಲಿ ಬಳ್ಳಿಗಳನ್ನು ಕೊರೆದವನೊಬ್ಬ, ಓಕ್ ಮರದ ಪೆಟ್ಟಿಗೆಗೆ ಅಕ್ರೋಟಿನ ತೆಳುಹಲಗೆಯನ್ನು ಹೊದಿಸಿದವನು ಮತ್ತೊಬ್ಬ. 1713ರಲ್ಲಿ ತೀರಿಕೊಂಡ ಟಾಂಪಿಯನ್ನನಿಗೂ 1751ರಲ್ಲಿ ತೀರಿಕೊಂಡ ಅವನ ಉತ್ತರಾಧಿಕಾರಿ ಗ್ರಹಾಮನಿಗೂ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಒಂದೇ ಸಮಾಧಿಯು ದೊರೆಯಿತು. ಅದು ಯೋಗ್ಯವಾದ ಗೌರವವೇ ಸರಿ. ಆದರೆ ಪೆಟ್ಟಿಗೆಯನ್ನು ಮಾಡಿದ ಬಡಗಿಯ ಹೆಸರು ಉಳಿದಿರುವುದು ವಿರಳ. ಕಾಲವನ್ನು ಅಳೆಯುವ ಯಂತ್ರಕ್ಕೆ ಮನೆಯನ್ನು ಕಟ್ಟಿಕೊಟ್ಟವನನ್ನು ಕಾಲವೇ ಮರೆಯಿತು. ಅವನ ಕೈಗೆಲಸವು ಮಾತ್ರ ಇನ್ನೂ ನೆಟ್ಟಗೆ ನಿಂತಿದೆ.