ಮೂಗಿನ ಹಿಂಭಾಗದ ಕ್ಯಾನ್ಸರ್ ಮರುಕಳಿಸಿದರೆ: ಚೀನಾಕ್ಕೆ ಹೊರಡುವ ಮುನ್ನ

ಮೂಗಿನ ಹಿಂದೆ, ಗಂಟಲಿನ ಮೇಲ್ತುದಿಯಲ್ಲಿರುವ ಜಾಗ ನೇಸೋಫ್ಯಾರಿಂಕ್ಸ್. ಇಲ್ಲಿನ ಕ್ಯಾನ್ಸರ್ ನಮ್ಮ ಕಡೆ ವಿರಳ, ದಕ್ಷಿಣ ಚೀನಾದಲ್ಲಿ ಹೆಚ್ಚು. ಮೊದಲ ಸಲ ಕಾಣಿಸಿದಾಗ ರೇಡಿಯೇಷನ್ನೇ ಮುಖ್ಯ ಚಿಕಿತ್ಸೆ. ಅದೇ ಜಾಗದಲ್ಲಿ ಮರುಕಳಿಸಿ ಮತ್ತೆ ರೇಡಿಯೇಷನ್ ಕೊಟ್ಟರೆ ರಕ್ತಸ್ರಾವ, ಮೂಳೆಗೆ ಮತ್ತು ಮಿದುಳಿಗೆ ಹಾನಿ ಆಗಬಹುದು. ಇನ್ನೊಂದು ದಾರಿ, ಮುಖ ಕೊಯ್ಯದೆ ಮೂಗಿನ ಹೊಳ್ಳೆಯಿಂದಲೇ ದುರ್ಬೀನು ಕೊಳವೆ ಇಳಿಸಿ ಗೆಡ್ಡೆ ತೆಗೆಯುವ ಎಂಡೋಸ್ಕೋಪಿ ಶಸ್ತ್ರಚಿಕಿತ್ಸೆ.

ಗುವಾಂಗ್‌ಝೌ ನಗರದ ಸನ್ ಯಾಟ್-ಸೆನ್ ವಿಶ್ವವಿದ್ಯಾಲಯದ ಕ್ಯಾನ್ಸರ್ ಕೇಂದ್ರದ ವೈದ್ಯರು ದಕ್ಷಿಣ ಚೀನಾದ ಮೂರು ಆಸ್ಪತ್ರೆಗಳ 200 ರೋಗಿಗಳಲ್ಲಿ ಇವೆರಡನ್ನೂ ಹೋಲಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷಗಳ ಬಳಿಕ ಬದುಕಿದ್ದವರು ಶಸ್ತ್ರಚಿಕಿತ್ಸೆಯಲ್ಲಿ ಶೇ. 85.8, ರೇಡಿಯೇಷನ್ನಿನಲ್ಲಿ ಶೇ. 68. ಆದರೆ ಅವರೆಲ್ಲರದೂ ಪೂರ್ತಿ ತೆಗೆಯಬಹುದಾಗಿದ್ದ ಗೆಡ್ಡೆ. ಮಿದುಳಿಗೆ ಹೋಗುವ ಕೆರೋಟಿಡ್ ರಕ್ತನಾಳಕ್ಕೆ ಅಂಟಿದ್ದರೆ ಈ ಲೆಕ್ಕ ನಡೆಯದು.

ಆದ್ದರಿಂದ ಹೊಲ-ಮನೆ ಅಡವಿಡುವ ಮುನ್ನ ಎಂ.ಆರ್.ಐ. ಸಿ.ಡಿ., ಬಯಾಪ್ಸಿ ಸ್ಲೈಡು, ಹಿಂದಿನ ರೇಡಿಯೇಷನ್ ಪ್ರಮಾಣದ ದಾಖಲೆ ಜೋಡಿಸಿಕೊಂಡು ಮೊದಲು ಇಲ್ಲಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೇಳಿ. ಆಮೇಲೆ ಅಲ್ಲಿಗೂ ಕಳಿಸಿ, ‘ಪೂರ್ತಿ ತೆಗೆಯಬಹುದೇ?’ ಎಂಬುದಕ್ಕೆ ಬರಹದಲ್ಲಿ ಉತ್ತರ ಪಡೆಯಿರಿ. ಮರಳಿದ ಮೇಲೂ ಮೂಗು ತೊಳೆಯುವುದು, ತಪಾಸಣೆ ತಪ್ಪದು, ಊರಿನ ಇ.ಎನ್.ಟಿ. ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಿ. ಕಾಗದಪತ್ರ ಜೋಡಿಸಿಕೊಡಲು ಸಂಘದ ಕಚೇರಿಯಲ್ಲಿ ನಾವಿದ್ದೇವೆ.